ನಮ್ಮ ಮಾವನವರ ಗಾರ್ಡ್ ರಿಂಗು

ನನ್ನ ಮಾವನವರು ತಮ್ಮ ಒಬ್ಬಳೇ ಮಗಳನ್ನು ನನಗೆ ಕೊಟ್ಟದ್ದು ನಾನು ಹತ್ತು ನಿಮಿಷ ಅಲ್ಲಾಡದೆ ನಿಲ್ಲಬಲ್ಲೆ ಎಂಬ ಒಂದೇ ಕಾರಣಕ್ಕೆ. ಹೀಗೆಂದರೆ ಯಾರೂ ನಂಬುವುದಿಲ್ಲ. ಬ್ಯಾಂಕಿನ ನೌಕರಿ ಇತ್ತಲ್ಲ, ಅದಕ್ಕೇ ಕೊಟ್ಟಿರಬೇಕು ಎನ್ನುತ್ತಾರೆ. ನಾನು ಬ್ಯಾಂಕಿನವನು ಎಂಬುದು ಮದುವೆಯ ಕಾಗದ ಅಚ್ಚಿಗೆ ಹೋಗುವ ದಿನದವರೆಗೂ ಮಾವನವರಿಗೆ ಗೊತ್ತಿರಲಿಲ್ಲ. ಕರಡು ತಿದ್ದಲು ಕೂತವರು ಕನ್ನಡಕ ಮೇಲಕ್ಕೆತ್ತಿ, "ಓ, ನೀವು ಬ್ಯಾಂಕಿನಲ್ಲಾ? ನಾನು ಪೋಸ್ಟಾಫೀಸು ಅಂತ ಎಣಿಸಿದ್ದೆ" ಎಂದರು. ಬೇಸರವೂ ಇಲ್ಲ, ಸಂತೋಷವೂ ಇಲ್ಲ. ಅಕ್ಷರ ತಪ್ಪಿದ್ದರೆ ತಿದ್ದುವವರ ಧ್ವನಿ, ಅಷ್ಟೆ.

ನಾನು ಉಡುಪಿ ಕಡೆಯಿಂದ ಕಲ್ಕತ್ತೆಗೆ ವರ್ಗವಾಗಿ ಬಂದು ಆಗ ಮೂರು ತಿಂಗಳಾಗಿತ್ತು. ಕೆಂಪು ಬಾವುಟದ ಸರಕಾರ ಬಂದು ನಾಲ್ಕೈದು ವರ್ಷಗಳಾಗಿದ್ದವು. ದಿನಕ್ಕೆ ಇಷ್ಟು ಹೊತ್ತು ಕರೆಂಟು ಇರುವುದಿಲ್ಲ ಎಂದು ಲೆಕ್ಕ ಹಾಕುವ ಬದಲು ಇಷ್ಟು ಹೊತ್ತು ಇರುತ್ತದೆ ಎಂದು ಲೆಕ್ಕ ಹಾಕುವುದು ಸುಲಭವಾಗಿದ್ದ ಕಾಲ. ನನಗೋ ಕರೆಂಟಿಗಿಂತ ಕುಚ್ಚಲಕ್ಕಿ ಅನ್ನದ ಚಿಂತೆ. ನಾನು ದಿನಾ ದೋಸೆ ತಿನ್ನುತ್ತಿದ್ದ ಹೋಟೆಲಿನ ಯಜಮಾನರು ನಮ್ಮ ಕಡೆಯವರೇ. ಅವರೇ ಒಂದು ದಿನ ಹೇಳಿದರು, "ಲೇಕ್ ಗಾರ್ಡನ್ಸಿನಲ್ಲಿ ನಮ್ಮವರದ್ದು ಒಂದು ಮನೆ ಉಂಟು. ಆದಿತ್ಯವಾರ ಹೋಗಿ. ಊಟ ಬಹಳ ಒಳ್ಳೆದು. ಯಜಮಾನ್ರು ಮಾತ್ರ ಸ್ವಲ್ಪ ಹಾಗೆ."

ಆ 'ಹಾಗೆ' ಎಂದರೆ ಹೇಗೆ ಎಂದು ನಾನು ಕೇಳಬೇಕಿತ್ತು.

ರೈಲು ಹಳಿಯ ಪಕ್ಕದ ಎರಡನೇ ಮಹಡಿಯ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಊಟದ ಮೇಜಿನ ಮೇಲೆ ತಗಡಿನ ಎರಡು ದುಂಡು ತಟ್ಟೆ, ತಿರುಪು ಗುಂಡಿಗಳ ಒಂದು ಪೆಟ್ಟಿಗೆ, ತಂತಿಗಳು. ಕಿವಿಗೆ ಟೆಲಿಫೋನಿನವರ ಹಾಗೆ ಯಂತ್ರ ಹಾಕಿಕೊಂಡ, ಬನಿಯನ್ನಿನ ಹಿರಿಯರೊಬ್ಬರು ಒಂದು ಗುಂಡಿಯನ್ನು ಇರುವೆ ನಡೆಯುವಷ್ಟು ನಿಧಾನ ತಿರುಗಿಸುತ್ತಿದ್ದರು. ನಾನು ನಮಸ್ಕಾರ ಎಂದೆ. ಅವರು ತಲೆ ಎತ್ತದೆ, "ಅಲ್ಲೇ ನಿಲ್ಲಿ" ಎಂದರು.

ನಿಂತೆ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ, ಕೈಯಲ್ಲಿ ಸಂದೇಶ್ ಮಿಠಾಯಿಯ ಪೊಟ್ಟಣ.

"ನಾನು ಬೇಕಾದರೆ ಆಮೇಲೆ..."

"ಈಗ ಹೋದರೆ ಅಳತೆ ಮತ್ತೆ ಬದಲಾಗ್ತದೆ. ನೀವು ಬಂದದ್ದನ್ನು ಸೇರಿಸಿಯೇ ನಾನು ಲೆಕ್ಕ ಹಿಡಿದಾಯಿತು. ಉಸಿರಾಡಬಹುದು."

ಒಳಗಿನಿಂದ ಬಂದ ಹುಡುಗಿಯೊಬ್ಬಳು ನನ್ನ ಭಂಗಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಹೋದಳು. ಹತ್ತು ನಿಮಿಷದ ನಂತರ ಹಿರಿಯರು ಕಿವಿಯ ಯಂತ್ರ ತೆಗೆದು, ಅಂಕಿ ಬರೆದುಕೊಂಡು, ಮೊದಲ ಸಲ ನನ್ನ ಮುಖ ನೋಡಿದರು. ಒಳಗೆ ತಿರುಗಿ, "ಇಲ್ಲಿ ನೋಡು, ಒಬ್ಬರು ಬಂದಿದ್ದಾರೆ. ನಿಲ್ಲಲಿಕ್ಕೆ ಬರ್ತದೆ ಇವರಿಗೆ" ಎಂದು ಹೆಂಡತಿಯನ್ನು ಕರೆದರು. ಎಂಟು ತಿಂಗಳಲ್ಲಿ ಅವರು ನನ್ನ ಮಾವನಾದರು.

ಮಾವನವರ ಕಥೆ ಗೊತ್ತಾದದ್ದು ನಿಧಾನವಾಗಿ. ಎಳೆ ಪ್ರಾಯದಲ್ಲಿ ಕಾರ್ಕಳದಿಂದ ಬಂದು ನಗರದ ಅಂಚಿನ ಒಂದು ಕಾರ್ಖಾನೆ ಸೇರಿದವರು. ವಿದ್ಯುತ್ತನ್ನು ಅಳೆಯುವ ಉಪಕರಣಗಳನ್ನು ಮಾಡುವ ಕಾರ್ಖಾನೆ ಅದು. ಆ ಉಪಕರಣಗಳು ಸರಿಯಾಗಿ ಅಳೆಯುತ್ತವೋ ಇಲ್ಲವೋ ಎಂದು ಅಳೆಯುವುದು ಮಾವನವರ ಕೆಲಸ. ಅವರ ಕೋಣೆಯ ಕಪಾಟಿನಲ್ಲಿ ಕಾರ್ಖಾನೆಗೆಲ್ಲ ಪ್ರಮಾಣವಾದ ಒಂದು ಹಿತ್ತಾಳೆಯ ಕೆಪಾಸಿಟರು, ಎಂದರೆ ವಿದ್ಯುತ್ತು ಹಿಡಿದಿಡುವ ಸಾಧನ, ಇತ್ತು. ಹದಿನೆಂಟು ವರ್ಷ ಅದರ ಧೂಳು ಒರೆಸಿದವರು ಅವರೊಬ್ಬರೇ. ನಾನು ಬರುವ ಒಂದು ವರ್ಷ ಮೊದಲು ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಒಳಗಿನವರು ಲಾಕೌಟ್ ಎಂದು ಬೋರ್ಡು ಹಾಕಿದರು, ಹೊರಗಿನವರು ಬಾವುಟ ಕಟ್ಟಿ ಚಾಪೆ ಹಾಸಿದರು.

ಮಾವನವರು ಎರಡೂ ಕಡೆಯವರಲ್ಲ. ಆದರೂ ದಿನಾ ಬೆಳಿಗ್ಗೆ ಬುತ್ತಿ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಗೇಟಿಗೆ ಹೋಗುತ್ತಿದ್ದರು. ಹೋಗಿ ಒಂದೇ ಬೇಡಿಕೆ: ಐದು ನಿಮಿಷ ಒಳಗೆ ಬಿಡಿ, ಕಪಾಟಿನಲ್ಲಿ ತೇವ ಹೀರುವ ಹರಳು ಬದಲಾಯಿಸಿ ಬರುತ್ತೇನೆ. ಕಾವಲುಗಾರ ಮ್ಯಾನೇಜರನ್ನು ಕೇಳಿ ಎಂದ. ಮ್ಯಾನೇಜರು ಯೂನಿಯನ್ನಿನವರನ್ನು ಕೇಳಿ ಎಂದರು. ಯೂನಿಯನ್ನಿನ ಮುಖಂಡರು ಚಾಪೆಯ ಮೇಲೆ ಜಾಗ ಮಾಡಿಕೊಟ್ಟು, ಚಹಾ ಕೊಟ್ಟು, "ದಾದಾ, ಸಾವಿರ ಜನರ ಹೊಟ್ಟೆಯ ಪ್ರಶ್ನೆ ಇದು, ನಿಮ್ಮದು ಹರಳಿನ ಪ್ರಶ್ನೆಯೆ?" ಎಂದು ಹಿಂದಿಯಲ್ಲಿ ಕೇಳಿದರಂತೆ.

"ನೀವು ಎಂತ ಹೇಳಿದಿರಿ?" ಎಂದು ನಾನು ಕೇಳಿದೆ.

"ಹೊಟ್ಟೆಗೆ ಇಂದಲ್ಲ ನಾಳೆ ಸಿಗಬಹುದು. ಹಿತ್ತಾಳೆಗೆ ಹಸಿರು ಹಿಡಿದರೆ ಮತ್ತೆ ಹೋಗುವುದಿಲ್ಲ, ಅಂತ ಹೇಳಿದೆ."

ಮರುದಿನದಿಂದ ಚಾಪೆಯ ಮೇಲೂ ಜಾಗ ಸಿಗಲಿಲ್ಲ. ಮಾವನವರು ಎದುರಿನ ಫುಟ್‌ಪಾತಿನಲ್ಲಿ ನಿಂತು ಬುತ್ತಿ ಉಂಡು ಬರತೊಡಗಿದರು. ನಗಬೇಕೆಂದು ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಒಮ್ಮೆ ನಾನೇ ಆ ಕಡೆ ಹೋದಾಗ ದೂರದಿಂದ ಅವರನ್ನು ನೋಡಿದೆ. ಬೀಗದ ಕಡೆಗೆ ಮುಖ ಮಾಡಿ, ಎಡಗೈಯಲ್ಲಿ ಬುತ್ತಿ ಹಿಡಿದು, ನಿಂತೇ ಮೊಸರನ್ನ ಉಣ್ಣುತ್ತಿದ್ದರು. ಹತ್ತಿರ ಹೋಗಲಿಲ್ಲ.

ಈಗ ಗಾರ್ಡ್ ರಿಂಗಿನ ವಿಷಯ. ಇದನ್ನು ಹೇಳದೆ ಮಾವನವರ ಕಥೆ ಹೇಳಲು ಬರುವುದಿಲ್ಲ. ಮದುವೆಯಾಗಿ ನಾನೂ ಆ ಮನೆಯಲ್ಲೇ ಇರತೊಡಗಿದ ವಾರವೇ ದೋಸೆಯ ಕಾವಲಿಯ ಎದುರು ನನಗೆ ಅದರ ಪಾಠವಾಯಿತು.

"ಎರಡು ಲೋಹದ ತಟ್ಟೆ ಎದುರುಬದುರು ಇಟ್ಟರೆ ಕೆಪಾಸಿಟರು. ಎಷ್ಟು ವಿದ್ಯುತ್ತು ಹಿಡಿಸ್ತದೆ ಅಂತ ತಟ್ಟೆಯ ಅಗಲ, ನಡುವಿನ ಅಂತರ ನೋಡಿ ಲೆಕ್ಕ ಹಾಕಬಹುದು. ಆದರೆ ಲೆಕ್ಕ ಸರಿ ಬರುವುದಿಲ್ಲ. ಯಾಕೆ?"

ನಾನು ಯಾಕೆ ಎಂದೆ.

"ಈ ದೋಸೆ ನೋಡಿ. ನಡುವೆ ಎಲ್ಲ ಕಡೆ ಒಂದೇ ದಪ್ಪ. ಅಂಚಿನಲ್ಲಿ? ಒಂದು ಕಡೆ ತೆಳು, ಒಂದು ಕಡೆ ಹರಿದಿದೆ, ಒಂದು ಕಡೆ ಹೊರಗೆ ಓಡಿದೆ. ತಟ್ಟೆಗಳ ನಡುವಿನ ವಿದ್ಯುತ್ತಿನ ಎಳೆಗಳೂ ಹಾಗೇ. ನಡುವೆ ನೆಟ್ಟಗೆ, ಅಂಚಿನಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಬಾಗ್ತವೆ. ಅಂಚನ್ನು ಲೆಕ್ಕಕ್ಕೆ ಹಿಡಿಯಲಿಕ್ಕೆ ಆಗುವುದಿಲ್ಲ."

"ಅಂಚನ್ನು ಕತ್ತರಿಸಿ ಬಿಸಾಡಿದರೆ ಆಯಿತಲ್ಲ?"

ಮಾವನವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. "ಅಂಚು ತೆಗೆದರೆ ಒಳಗಿನದ್ದೇ ಅಂಚಾಗ್ತದೆ. ಎಷ್ಟು ಸಲ ತೆಗೀತೀರಿ?"

ಅನಂತರ ಸ್ಟೀಲಿನ ಲೋಟವನ್ನು ದೋಸೆಯ ನಡುವೆ ಕವುಚಿ ಒತ್ತಿ ತಿರುಗಿಸಿದರು. ನಡುವೆ ಒಂದು ದುಂಡು ಬಿಲ್ಲೆ, ಸುತ್ತ ಒಂದು ಬಳೆ, ಎರಡರ ಮಧ್ಯೆ ಕೂದಲಿನಷ್ಟು ಸಂದಿ. "ಬಳೆಯನ್ನು ತೆಗೀಬಾರದು. ಅಲ್ಲೇ ಇರಬೇಕು. ಬಿಲ್ಲೆಗೆ ಎಷ್ಟು ವೋಲ್ಟೇಜೋ ಬಳೆಗೂ ಅಷ್ಟೇ ಕೊಡಬೇಕು. ಆಗ ಬಾಗುವುದು, ಉಬ್ಬುವುದು ಎಲ್ಲ ಬಳೆಯ ಹೊರಗಿನ ಅಂಚಿನಲ್ಲಿ. ಬಿಲ್ಲೆಯ ಮೇಲೆ ಎಳೆಗಳು ನೆಟ್ಟಗೆ. ಅಳೆಯುವುದು ಬಿಲ್ಲೆಯನ್ನು ಮಾತ್ರ. ತೇವ ಇದ್ದರೆ ಉಪಕರಣದ ಮೈಮೇಲೆ ಹರಿಯುವ ಕಳ್ಳ ಕರೆಂಟು ಉಂಟಲ್ಲ, ಅದೂ ಬಳೆಗೇ ಹೋಗಿ ಸೇರ್ತದೆ. ಇದು ಗಾರ್ಡ್ ರಿಂಗು."

"ನಡುವಿನ ಸಂದಿ ಯಾರ ಲೆಕ್ಕಕ್ಕೆ?"

ಮಾವನವರ ಮುಖ ಅರಳಿತು. "ಅರ್ಧ ಬಿಲ್ಲೆಗೆ, ಅರ್ಧ ಬಳೆಗೆ. ನೋಡು, ಎಂಥ ಪ್ರಶ್ನೆ ಕೇಳಿದ್ರು" ಎಂದು ಮಗಳ ಕಡೆ ತಿರುಗಿದರು. ಅತ್ತೆಯವರು ಒಲೆಯ ಮುಂದಿನಿಂದ, "ಪ್ರಶ್ನೆ ಕೇಳಿದವರಿಗೇ ಬಳೆ ಹಾಕ್ತೇನೆ, ಬಿಲ್ಲೆ ನಿಮಗೆ" ಎಂದರು. ಅಂದು ಮನೆಯವರೆಲ್ಲ ಬಳೆಯಾಕಾರದ ದೋಸೆಯನ್ನೇ ತಿಂದೆವು. ಬಿಲ್ಲೆಗಳನ್ನೆಲ್ಲ ಮಾವನವರು ಒಂದರ ಮೇಲೊಂದು ಇಟ್ಟು ದಪ್ಪ ಸಮವೇ ಎಂದು ನೋಡುತ್ತ ಕೂತರು.

ಈ ಪಾಠದ ಹಿಂದೆ ಒಂದು ಆಸೆ ಇತ್ತು. ಮಾವನವರಿಗೆ ಚಹಾಪುಡಿಯ ತೇವ ಅಳೆಯುವ ಒಂದು ಉಪಕರಣ ಮಾಡಬೇಕಿತ್ತು. ಒಣ ಚಹಾ ತಟ್ಟೆಗಳ ನಡುವೆ ಇದ್ದರೆ ಕೆಪಾಸಿಟರಿನ ಅಳತೆ ಒಂದು, ತೇವವಿದ್ದರೆ ಇನ್ನೊಂದು. ಅಳತೆ ಹೆಚ್ಚಿದಷ್ಟೂ ತೇವ ಹೆಚ್ಚು. ಕಲ್ಕತ್ತೆಯಲ್ಲಿ ಚಹಾ ವ್ಯಾಪಾರಿಗಳಿಗೆ ಬರವೆ? ಒಬ್ಬರು ಒಪ್ಪಿಕೊಂಡರೆ ಗೇಟಿನ ಮುಂದೆ ನಿಲ್ಲುವ ಅಗತ್ಯವೇ ಇರುವುದಿಲ್ಲ, ಕಾರ್ಖಾನೆ ತೆರೆದರೆಷ್ಟು ಬಿಟ್ಟರೆಷ್ಟು ಎಂದು ಅವರು ಹೇಳುತ್ತಿದ್ದರು. ಹಾಗೆ ಹೇಳುವಾಗ ಧ್ವನಿ ಸ್ವಲ್ಪ ಜೋರಾಗುತ್ತಿತ್ತು, ತಮಗೇ ಕೇಳಿಸಲಿ ಎಂಬ ಹಾಗೆ.

ತಗಡು ನಡೆಯುವುದಿಲ್ಲ, ದಪ್ಪ ಹಿತ್ತಾಳೆ ಬೇಕು ಎಂದಾಯಿತು. ಒಂದು ದಿನ ಅತ್ತೆಯವರು ದೇವರ ಕೋಣೆಯಿಂದ ತಮ್ಮ ಹಿತ್ತಾಳೆ ಹರಿವಾಣ ತಂದು ಮೇಜಿನ ಮೇಲಿಟ್ಟರು. ಅವರ ಮದುವೆಯಲ್ಲಿ ತವರಿನಿಂದ ಕೊಟ್ಟದ್ದು, ಕಾರ್ಕಳದಿಂದ ಇಲ್ಲಿಯವರೆಗೆ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು.

"ಇದು ಬೇಡ" ಎಂದರು ಮಾವನವರು.

"ದಪ್ಪ ಸಾಕಾ ನೋಡಿ."

ಮಾವನವರು ಅಳೆದು ನೋಡಿ, "ಸಾಕು" ಎಂದರು. ಬೇಡ ಎಂಬುದನ್ನು ಎರಡನೆಯ ಸಲ ಹೇಳಲು ಅವರಿಂದಾಗಲಿಲ್ಲ. ದಪ್ಪ ಅಷ್ಟು ಚೆನ್ನಾಗಿತ್ತು. ಕಸ್ಬಾದ ಲೇತ್ ಮಿಸ್ತ್ರಿಯೊಬ್ಬ ಕರೆಂಟು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಕೊರೆದು, ಹರಿವಾಣವನ್ನು ಒಂದು ಬಿಲ್ಲೆ, ಒಂದು ಬಳೆ ಮಾಡಿಕೊಟ್ಟ. ಎದುರು ತಟ್ಟೆಗೆ ಇನ್ನೆಲ್ಲಿಂದಲೋ ಹಿತ್ತಾಳೆ ಸಿಕ್ಕಿತು. ಅಷ್ಟಕ್ಕೆ ಮೂರು ತಿಂಗಳು.

ಮನೆಯ ಪಾಡು ಹೇಳತೀರದು. ಕಿವಿಯ ಯಂತ್ರದಲ್ಲಿ ಬರುವ ಸಣ್ಣ ಗುಂಯ್ ಸದ್ದು ಪೂರ್ತಿ ನಿಲ್ಲುವವರೆಗೆ ಗುಂಡಿ ತಿರುಗಿಸುವುದೇ ಅಳತೆ. ಆದ್ದರಿಂದ ಅವರು ಅಳೆಯುವಾಗ ಒಗ್ಗರಣೆ ಹಾಕುವಂತಿಲ್ಲ. ಸಾಸಿವೆ ಸಿಡಿದರೆ ಅಳತೆ ಕೆಟ್ಟಿತು. ರೈಲು ಹೋದರೆ ಮತ್ತೆ ಮೊದಲಿನಿಂದ. ರೇಡಿಯೋದ ಬ್ಯಾಟರಿಗಳೆಲ್ಲ ಯಂತ್ರಕ್ಕೆ ಹೋದುದರಿಂದ ನಮ್ಮ ಮನೆಯಲ್ಲಿ ವಾರ್ತೆಯೂ ನಿಂತಿತು. ಮೆರವಣಿಗೆ, ಬಂದ್ ಯಾವುದೂ ಗೊತ್ತಾಗದೆ ನಾನು ಎರಡು ಸಲ ಮುಚ್ಚಿದ ಬ್ಯಾಂಕಿಗೆ ಹೋಗಿ ಬಂದೆ. ಒಗ್ಗರಣೆಯಿಲ್ಲದ ಸಾರು ಉಂಡು ಉಂಡು ಒಮ್ಮೆ ನನ್ನ ಹೆಂಡತಿ, "ಅಪ್ಪ, ನಿಮ್ಮ ಎಕ್ಸ್‌ಪೆರಿಮೆಂಟ್ ಹೋಬೇ, ಆಗ್ತದೆ, ಆದರೆ ಅಷ್ಟರವರೆಗೆ ನಾವು ಇರ್ತೇವಾ?" ಎಂದು ಅರ್ಧ ಬಂಗಾಳಿಯಲ್ಲಿ ಕೇಳಿದಳು. ಮಾವನವರು ಕೈ ಎತ್ತಿ ಸುಮ್ಮನಿರು ಎಂದರು. ಅಳತೆ ನಡೆಯುತ್ತಿತ್ತು.

ಕೊನೆಗೂ ಆಯಿತು. ಹೊರಗಿನ ಕೈ, ಮೈ, ಫ್ಯಾನು ಯಾವುದೂ ಅಡ್ಡಿ ಮಾಡದಂತೆ ತಟ್ಟೆಗಳನ್ನೆಲ್ಲ ತಗಡಿನ ಪೆಟ್ಟಿಗೆಯೊಳಗೆ ಕೂರಿಸಿ, ಆ ಪೆಟ್ಟಿಗೆಗೂ ಬಳೆಗೂ ಒಂದೇ ತಂತಿ ಬೆಸೆದರು. ಮಳೆಗಾಲದ ತೇವ ಹೋಗದಂತೆ ಮುಚ್ಚಳಕ್ಕೆ ಮೇಣ ಹಾಕಿ ಮುಚ್ಚಿದರು. ಚಹಾ ಹಾಕಲು ಮಾತ್ರ ಪಕ್ಕದಲ್ಲಿ ಒಂದು ಸಣ್ಣ ಬಾಯಿ. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡರೂ ಅಳತೆ ಕದಲಲಿಲ್ಲ. ಅಂದು ಮನೆಯಲ್ಲಿ ಒಗ್ಗರಣೆ ಬಿತ್ತು. ಅತ್ತೆಯವರು ಸೇಡು ತೀರಿಸಿಕೊಳ್ಳುವ ಹಾಗೆ ಪಲ್ಯಕ್ಕೆ, ಸಾರಿಗೆ, ಮಜ್ಜಿಗೆಗೆ, ಕೊನೆಗೆ ಉಪ್ಪಿನಕಾಯಿಗೂ ಹಾಕಿದರು.

ಚಹಾ ವ್ಯಾಪಾರದ ಒಂದು ದೊಡ್ಡ ಕಚೇರಿಯಲ್ಲಿ ಅರ್ಧ ಗಂಟೆ ಸಮಯ ಕೊಟ್ಟರು. ನಾನು ರಜೆ ಹಾಕಿದೆ. ಮಾವನವರು ಹತ್ತು ವರ್ಷ ಹಳೆಯ ಕೋಟು ಹಾಕಿದರು. ಆ ದಿನ ಟ್ಯಾಕ್ಸಿಗಳಿಲ್ಲ, ಮುಷ್ಕರ. ಮಿನಿಬಸ್ಸೇ ಗತಿ. ಬಾಗಿಲಲ್ಲಿ ನನ್ನ ಹೆಂಡತಿ, "ಪೆಟ್ಟಿಗೆ ನೀವೇ ಹಿಡ್ಕೊಳ್ಳಿ, ಅಲ್ಲಾಡದೆ ನಿಲ್ಲಲಿಕ್ಕೆ ಬರುವುದು ನಿಮಗೇ" ಎಂದಳು. ನನಗೆ ಹೆಮ್ಮೆಯೇ ಆಯಿತು.

ಕಲ್ಕತ್ತೆಯ ಮಿನಿಬಸ್ಸಿನ ಒಳಗೆ ನೆಟ್ಟಗೆ ನಿಲ್ಲಬಲ್ಲವರು ಮಕ್ಕಳು ಮಾತ್ರ. ಬಾಗಿ ನಿಂತ ಜನರ ನಡುವೆ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಾನೂ ಬಾಗಿ ನಿಂತಿದ್ದೆ. ಮಾವನವರು ಮೂರು ಜನರ ಆಚೆ ಇದ್ದರು. ಮೆಟ್ರೋ ರೈಲಿಗೆಂದು ಅಗೆದ ರಸ್ತೆಯಲ್ಲಿ ಬಸ್ಸು ಒಮ್ಮೆ ಗುಂಡಿಗೆ ಇಳಿದು ಎದ್ದಿತು. ಎಲ್ಲರೂ ನನ್ನ ಮೇಲೆ ಬಿದ್ದರು. ಸೀಟಿನ ಕಂಬಿ ನನ್ನ ಎಡಪಕ್ಕೆಗೆ ಬಡಿಯಿತು, ಪೆಟ್ಟಿಗೆ ಕಿಟಕಿಯ ಸರಳಿಗೆ ಬಡಿಯಿತು. ಒಳಗೆ 'ಟಿಕ್' ಎಂದು ಬಹಳ ಸಣ್ಣ ಸದ್ದಾಯಿತು.

ಆಗಲೇ ಹೇಳಬೇಕಿತ್ತು. ಇಳಿದ ಮೇಲಾದರೂ ಹೇಳಬೇಕಿತ್ತು. ಆದರೆ ಅವರು ಕೋಟಿನ ಕಾಲರು ಸರಿಮಾಡಿಕೊಂಡು, "ಸರಿ ಉಂಟಲ್ಲ?" ಎಂದು ಕೇಳಿದಾಗ ಆ ಮುಖ ನೋಡಿ ನಾನು "ಸರಿ ಉಂಟು ಮಾವ" ಎಂದೆ.

ಕಚೇರಿಯಲ್ಲಿ ನಾಲ್ಕು ಜನ ಸುತ್ತ ಕೂತರು. ಅವರ ಬಡಾಬಾಬು, ಅಂದರೆ ಕಚೇರಿಯ ಹಿರಿಯರು, ತುಂಬ ಮರ್ಯಾದಸ್ಥರು. ಅವರು ತಮ್ಮಲ್ಲಿನ ಅತಿ ಒಣಗಿದ, ಅತಿ ಒಳ್ಳೆಯ ಚಹಾಪುಡಿ ತರಿಸಿದರು. ಮಾವನವರು ಖಾಲಿ ಪೆಟ್ಟಿಗೆಯನ್ನು ಮೊದಲು ಅಳೆದು ನೋಡಿದರು. ಹುಬ್ಬು ಗಂಟಾಯಿತು. ಸೆಕೆ ಜಾಸ್ತಿ ಎಂದುಕೊಂಡರೋ ಏನೋ, ಪುಡಿ ಹಾಕಿ ಗುಂಡಿ ತಿರುಗಿಸಿದರು. ಉಪಕರಣದ ಪ್ರಕಾರ ಆ ಚಹಾಪುಡಿ ಈಗತಾನೇ ಹೂಗ್ಲಿ ನದಿಯಲ್ಲಿ ಅದ್ದಿ ತೆಗೆದದ್ದು.

ಬಡಾಬಾಬು ನೋಡಲೆಂದು ಹತ್ತಿರ ಬಾಗಿದರು. ತೇವ ಇನ್ನೂ ಹೆಚ್ಚಿತು. ಹಿಂದೆ ಸರಿದರು, ಕಡಿಮೆಯಾಯಿತು. ಅವರಿಗೆ ಕುತೂಹಲವಾಗಿ ಮತ್ತೆ ಬಾಗಿದರು. ಮತ್ತೆ ಹೆಚ್ಚಿತು. "ಇದು ಚಹಾ ಅಳೆಯುವುದಿಲ್ಲ ಮಶಾಯ್, ನನ್ನನ್ನು ಅಳೆಯುತ್ತದೆ" ಎಂದರು. ಉಳಿದ ಮೂವರು ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೇಳಿದರೆ ಇಂದಿಗೂ ಎಲ್ಲರೂ ನಗುತ್ತಾರೆ. ನಾನು ಮಾತ್ರ ಮಾವನವರ ಕೈ ನೋಡುತ್ತಿದ್ದೆ. ಗುಂಡಿಯ ಮೇಲಿದ್ದ ಕೈಯನ್ನು ಅವರು ತೆಗೆಯಲೇ ಇಲ್ಲ. ಅರ್ಧ ಗಂಟೆ ಮುಗಿದು, ಚಹಾ ಬಂದು, ತಣ್ಣಗಾಗಿ, ಬಡಾಬಾಬು ಎದ್ದು ನಮಸ್ಕಾರ ಮಾಡುವವರೆಗೂ ತಿರುಗಿಸುತ್ತಲೇ ಇದ್ದರು. ಸದ್ದು ನಿಲ್ಲಲಿಲ್ಲ.

ಮನೆಗೆ ಬಂದವರು ಕೋಣೆಯ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬಂದು, "ನನ್ನ ಲೆಕ್ಕವೇ ತಪ್ಪಿತ್ತು. ಸಂದಿಯ ಅಳತೆ ತಪ್ಪು ಹಿಡಿದಿದ್ದೆ" ಎಂದರು. ಅತ್ತೆಯವರು ಸೌಟು ಹಿಡಿದು ನಿಂತಿದ್ದರು.

"ತಪ್ಪು ಲೆಕ್ಕಕ್ಕೆ ನನ್ನ ಹರಿವಾಣ ಕತ್ತರಿಸಿದ್ದಾ?"

"ಹೌದು."

ಆಮೇಲೆ ಎರಡು ಸಲ ಮಾವನವರು ಪೆಟ್ಟಿಗೆ ಹಿಡಿದುಕೊಂಡು ಆ ಕಚೇರಿಗೆ ಒಬ್ಬರೇ ಹೋಗಿ ಬಂದರು. ಬಡಾಬಾಬು ಇಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಮೂರನೆಯ ಸಲ ಹೋಗಲಿಲ್ಲ. ಗೇಟಿಗೆ ಹೋಗುವುದನ್ನೂ ಬಿಟ್ಟರು. ಕಾರ್ಖಾನೆ ತೆರೆಯಲೂ ಇಲ್ಲ. ಒಂದು ದಿನ ಯಂತ್ರಗಳನ್ನೆಲ್ಲ ಲಾರಿಗಳಲ್ಲಿ ಸಾಗಿಸಿದರಂತೆ. ಕಪಾಟಿನ ಆ ಕೆಪಾಸಿಟರು ಏನಾಯಿತೋ ಗೊತ್ತಿಲ್ಲ. ಅದನ್ನು ಯಾರೂ ಮಾವನವರಲ್ಲಿ ಕೇಳಲಿಲ್ಲ. ಮನೆಯಲ್ಲಿ ಒಗ್ಗರಣೆ ಯಾವ ಹೊತ್ತಿಗೆ ಬೇಕಾದರೂ ಹಾಕಬಹುದಾಗಿತ್ತು. ಮೂರು ವರ್ಷ ಪ್ರತಿ ಹಬ್ಬಕ್ಕೆ, ಪ್ರತಿ ಪೂಜೆಗೆ ಹರಿವಾಣ ಬೇಕಾದಾಗಲೆಲ್ಲ ಅತ್ತೆಯವರು ಸ್ಟೀಲಿನ ತಟ್ಟೆ ತೆಗೆಯುತ್ತ, "ಲೆಕ್ಕ ಬರುವುದಿಲ್ಲ, ಹಿತ್ತಾಳೆ ಬೇಕು ಇವರಿಗೆ" ಎನ್ನುತ್ತಿದ್ದರು. ಜೀವಮಾನವಿಡೀ ಇನ್ನೊಬ್ಬರ ಅಳತೆ ತಿದ್ದಿದ ಮನುಷ್ಯ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಪಕ್ಕದಲ್ಲಿ ನಾನೂ ಉಣ್ಣುತ್ತಿದ್ದೆ. ಮೂರು ವರ್ಷದಲ್ಲಿ ಬಾಯಿ ಬಿಡಬಹುದಾಗಿದ್ದ ಊಟಗಳೆಷ್ಟು?

ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ವಾರ ಮಾವನವರ ಜೊತೆ ಬೆಳಿಗ್ಗೆ ಢಾಕುರಿಯಾ ಕೆರೆಯ ಸುತ್ತ ನಡೆಯಲು ಹೋಗಿದ್ದೆ. ಅರ್ಧ ಸುತ್ತು ಮುಗಿಯುವಾಗ ಹೇಳಿಬಿಟ್ಟೆ. ಬಸ್ಸು, ಸರಳು, ಟಿಕ್ ಎಂಬ ಸದ್ದು, ಎಲ್ಲ.

"ಗೊತ್ತುಂಟು" ಎಂದರು.

ನಾನು ನಿಂತೆ. ಅವರು ನಿಲ್ಲಲಿಲ್ಲ.

"ಅಂದೇ ಮುಚ್ಚಳ ತೆಗೆದು ನೋಡಿದೆ. ಬಳೆಯ ತಂತಿ ಬಿಟ್ಟುಹೋಗಿತ್ತು. ಬಳೆ, ಪೆಟ್ಟಿಗೆ ಎರಡೂ ಯಾವುದಕ್ಕೂ ಸೇರದೆ ತೇಲ್ತಾ ಇದ್ದವು. ಬಳೆಗೆ ವೋಲ್ಟೇಜು ಇಲ್ಲದಿದ್ದರೆ ಅದು ಯಾರು ಹತ್ತಿರ ಬಂದರೆ ಅವರ ಪಾಲಿಗೆ. ಪಾಪ, ಆ ಬಾಬು ಎಂತ ಮಾಡಿಯಾರು?"

"ಮತ್ತೆ ಲೆಕ್ಕ ತಪ್ಪು ಅಂತ ಯಾಕೆ ಹೇಳಿದಿರಿ?"

"ತಂತಿ ಅಂದಿದ್ದರೆ ಪೆಟ್ಟಿಗೆ ಹಿಡಿದದ್ದು ಯಾರು ಅಂತ ಕೇಳ್ತಿದ್ದರು ಮನೆಯಲ್ಲಿ. ನನ್ನನ್ನು ಬೈದು ಅವಳಿಗೆ ಅಭ್ಯಾಸ ಉಂಟು. ನಿಮ್ಮನ್ನು ಬೈಯುವುದಾದರೆ ಹೊಸತಾಗಿ ಕಲೀಬೇಕಿತ್ತು."

ಸ್ವಲ್ಪ ದೂರ ಹೋಗಿ ಮತ್ತೆ ಹೇಳಿದರು. "ಬೆಸುಗೆ ನನ್ನದೇ. ತಂತಿಯನ್ನು ಅಷ್ಟು ಬಿಗಿ ಎಳೆಯಬಾರದಿತ್ತು. ಬಸ್ಸಿನಲ್ಲಿ ಹೋಗುವ ವಸ್ತುವಿಗೆ ಸ್ವಲ್ಪ ಸಡಿಲ ಬಿಡಬೇಕು. ಅದು ಕೂಡ ಲೆಕ್ಕವೇ. ಹಾಗಾಗಿ ನಾನು ಸುಳ್ಳು ಹೇಳಿದ್ದಲ್ಲ."

ನಾನು ಪಕ್ಕದಲ್ಲೇ ಹೆಜ್ಜೆ ಹಾಕಿದೆ. ನೀರಿನಲ್ಲಿ ದೋಣಿ ಅಭ್ಯಾಸ ಮಾಡುವವರ ಹುಟ್ಟಿನ ಸದ್ದು ಕೇಳುತ್ತಿತ್ತು. ಮಾವನವರು ಇನ್ನೂ ನಾಲ್ಕು ಹೆಜ್ಜೆ ಹೋಗಿ ನಿಂತರು.

"ಆ ದಿನ ಕಂಬಿ ನಿನ್ನ ಪಕ್ಕೆಗೆ ಬಡಿದದ್ದು ನಾನು ನೋಡಿದ್ದೆ. ನೀನು ಪೆಟ್ಟಿಗೆ ಬಿಟ್ಟು ಪಕ್ಕೆ ಹಿಡ್ಕೊಳ್ಳಲಿಲ್ಲ. ಆಗಲೇ ಕೇಳಬೇಕಿತ್ತು, ಕೇಳಲಿಕ್ಕೆ ಆಗಲಿಲ್ಲ. ತುಂಬ ನೋವಾಗಿತ್ತಾ?"

ಅಳಿಯನೆಂದು ಇಷ್ಟು ವರ್ಷ 'ನೀವು' ಎಂದೇ ಕರೆದವರು.

"ಇಲ್ಲ ಮಾವ" ಎಂದೆ. ಹದಿನೈದು ದಿನ ಎಡಮಗ್ಗುಲಿಗೆ ಮಲಗಲು ಆಗಿರಲಿಲ್ಲ.

ಅವರು ನಂಬಲಿಲ್ಲ. ನಡೆಯಲು ಬಂದವರು ನಮ್ಮನ್ನು ಸುತ್ತು ಹಾಕಿ ಹೋಗುತ್ತಿದ್ದರು. ಮಾವನವರು ಅಂಗಿಯ ಮೇಲಿಂದಲೇ ನನ್ನ ಪಕ್ಕೆಗೆ ಅಂಗೈ ಇಟ್ಟು, ಇಲ್ಲಿಯಾ, ಸ್ವಲ್ಪ ಕೆಳಗಾ ಎಂದು ಮೆಲ್ಲನೆ ಕೇಳುತ್ತ ನಿಂತರು.